ಬಿಟ್ಟ ಸ್ಥಳ ತುಂಬುವವರು ಯಾರು? ಗಣಕಗಳಲ್ಲಿ ಪೂರ್ವನಿಯೋಜಿತ ಬೆಲೆಗಳ ಚರಿತ್ರೆ

'ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬಿರಿ' ಎಂಬ ವಿಭಾಗವಿಲ್ಲದ ಪ್ರಶ್ನೆಪತ್ರಿಕೆ ನಮ್ಮ ಶಾಲೆಗಳಲ್ಲಿ ಅಪರೂಪ. ವಿದ್ಯಾರ್ಥಿಯು ಒಂದು ಸ್ಥಳವನ್ನು ತುಂಬದೆ ಬಿಟ್ಟರೆ ಉಪಾಧ್ಯಾಯರು ಅಂಕ ಕೊಡುವುದಿಲ್ಲ, ಅಷ್ಟೆ. ತಾವೇ ಒಂದು ಉತ್ತರವನ್ನು ಬರೆದು ಅದನ್ನು ವಿದ್ಯಾರ್ಥಿಯ ಉತ್ತರವೆಂದು ಪರಿಗಣಿಸುವುದಿಲ್ಲ. ಆದರೆ ಗಣಕಗಳು ಪ್ರತಿದಿನವೂ ಮಾಡುವ ಕೆಲಸ ಇದೇ. ನಾವು ತುಂಬದೆ ಬಿಟ್ಟ ಜಾಗದಲ್ಲಿ ಅವು ಏನನ್ನೋ ತುಂಬುತ್ತವೆ, ಮುಂದಿನ ಲೆಕ್ಕಾಚಾರಕ್ಕೆ ಅದನ್ನೇ ಬಳಸುತ್ತವೆ.

ಇದರಿಂದ ಆಗುವ ವ್ಯತ್ಯಾಸವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ತರಗತಿಯಲ್ಲಿ 5 ವಿದ್ಯಾರ್ಥಿಗಳಿದ್ದಾರೆ ಎನ್ನಿ. 50 ಅಂಕಗಳ ಕಿರುಪರೀಕ್ಷೆಯಲ್ಲಿ ನಾಲ್ವರು 40, 35, 45 ಮತ್ತು 30 ಅಂಕ ಪಡೆದರು. ಐದನೆಯವಳು ಜ್ವರದಿಂದಾಗಿ ಗೈರುಹಾಜರಾಗಿದ್ದಳು. ಪರೀಕ್ಷೆ ಬರೆದವರ ಸರಾಸರಿ 37.5. ಗೈರುಹಾಜರಾದವಳ ಜಾಗದಲ್ಲಿ 0 ಎಂದು ಬರೆದು ಲೆಕ್ಕ ಮಾಡಿದರೆ ಸರಾಸರಿ 30ಕ್ಕೆ ಇಳಿಯುತ್ತದೆ. ಅಂಕಪುಸ್ತಕದಲ್ಲಿ ನೀವು ಸೊನ್ನೆಯ ಬದಲು 'ಗೈರು' ಎಂದು ಬರೆಯುವುದು ಈ ಕಾರಣದಿಂದಲೇ. ಸೊನ್ನೆ ಎಂಬುದು ಒಂದು ಅಳತೆ. ಗೈರು ಎಂದರೆ ಅಳತೆಯೇ ನಡೆದಿಲ್ಲವೆಂದು ಅರ್ಥ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೂ ಹೀಗೆಯೇ. ವೋಲ್ಟ್‌ಮೀಟರು ಸೊನ್ನೆ ತೋರಿಸಿದ್ದಕ್ಕೂ ವೋಲ್ಟ್‌ಮೀಟರನ್ನು ಜೋಡಿಸದೇ ಇದ್ದುದಕ್ಕೂ ಅಜಗಜಾಂತರ.

ಗಣಕದ ಕ್ರಮವಿಧಿಗಳಲ್ಲಿ ಈ ಅಂತರವನ್ನು ಉಳಿಸಿಕೊಳ್ಳಲು ಸುಮಾರು 70 ವರ್ಷಗಳಿಂದ ಪ್ರಯತ್ನಗಳು ನಡೆದಿವೆ. ಇಂದಿನ ವೆಬ್ ಫ್ರೇಮ್‌ವರ್ಕ್‌ಗಳಲ್ಲಿ, ಅಂದರೆ ಜಾಲತಾಣಗಳನ್ನು ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳಲ್ಲಿ, ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಆ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸೋಣ.

ಸುಸ್ತಿಯಿಂದ ಪೂರ್ವನಿಯೋಜನೆಗೆ

ಯಾರೂ ಏನನ್ನೂ ಹೇಳದಿದ್ದಾಗ ಗಣಕವು ತಾನಾಗಿ ಹಿಡಿಯುವ ಬೆಲೆಗೆ ಇಂಗ್ಲಿಷಿನಲ್ಲಿ ಡಿಫಾಲ್ಟ್ ಎನ್ನುತ್ತಾರೆ. ಈ ಪದದ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಕೊರತೆ, ತಪ್ಪಿಹೋಗುವಿಕೆ ಎಂಬುದು ಅದರ ಅರ್ಥ. ಸಾಲದ ಕಂತು ಕಟ್ಟದವನನ್ನು ಡಿಫಾಲ್ಟರ್ ಎನ್ನುವುದನ್ನು ನೀವು ಕೇಳಿದ್ದೀರಿ. ನಮ್ಮ ಸಹಕಾರ ಸಂಘಗಳ ಕಡತಗಳಲ್ಲಿ ಅವನು 'ಸುಸ್ತಿದಾರ'. ನ್ಯಾಯಾಲಯಕ್ಕೆ ಹಾಜರಾಗಬೇಕಾದವನು ಹಾಜರಾಗದಿದ್ದರೆ ಅವನ ಗೈರಿನಲ್ಲೇ ತೀರ್ಪು ನೀಡುವ ಕ್ರಮವೂ ಈ ಪದದಿಂದಲೇ ಹೆಸರು ಪಡೆದಿದೆ. ಮಾತಾಡಬೇಕಾದವನು ಮಾತಾಡಲಿಲ್ಲ, ಆದರೂ ನಿರ್ಣಯ ನಿಲ್ಲುವುದಿಲ್ಲ. ಗಣಕವಿಜ್ಞಾನಿಗಳು ಎರವಲು ಪಡೆದದ್ದು ಈ ಅರ್ಥವನ್ನು.

ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ಇದಕ್ಕೆ 'ಪೂರ್ವನಿಯೋಜಿತ' ಎಂಬ ಪದವನ್ನು ಬಳಸಿದರು. ಎರಡು ಪದಗಳ ನಡುವಣ ವ್ಯತ್ಯಾಸವನ್ನು ಗಮನಿಸಿ. ಯಾರೋ ಹೇಳಬೇಕಾದುದನ್ನು ಹೇಳಲಿಲ್ಲ ಎಂದು ಇಂಗ್ಲಿಷ್ ಪದ ಸೂಚಿಸುತ್ತದೆ. ಬೇರೆ ಯಾರೋ ಮುಂಚೆಯೇ ನಿರ್ಧರಿಸಿಟ್ಟಿದ್ದಾರೆ ಎಂದು ಕನ್ನಡ ಪದ ಸೂಚಿಸುತ್ತದೆ. ಎರಡನ್ನೂ ಸೇರಿಸಿದರೆ ಸರಿಯಾದ ವ್ಯಾಖ್ಯೆ ದೊರೆಯುತ್ತದೆ: ಒಬ್ಬರ ಮೌನದ ಜಾಗದಲ್ಲಿ ಇನ್ನೊಬ್ಬರು ಮೊದಲೇ ಬರೆದಿಟ್ಟ ಉತ್ತರವೇ ಪೂರ್ವನಿಯೋಜಿತ ಬೆಲೆ.

ಇಂಥ ಬೆಲೆಗಳಿಗೆ ಗಣಕವೇ ಬೇಕೆಂದೇನೂ ಇಲ್ಲ. ನಮ್ಮ ಹಳ್ಳಿಗಳ ಹಿರಿಯರಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂದು ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಿ. ತಂದೆತಾಯಿಗಳಿಗೆ ತಾರೀಖು ಗೊತ್ತಿರಲಿಲ್ಲ, ಪುಸ್ತಕದಲ್ಲಿ ಆ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ಮುಖ್ಯೋಪಾಧ್ಯಾಯರು ಶಾಲೆ ಆರಂಭವಾಗುವ ತಿಂಗಳನ್ನು ನೋಡಿ ಒಂದು ತಾರೀಖು ಬರೆದರು. ಮುಂದೆ ನೌಕರಿಯ ನಿವೃತ್ತಿಯೂ ಅದೇ ತಾರೀಖನ್ನು ಅವಲಂಬಿಸಿತು. ಈ ಉದಾಹರಣೆಯಲ್ಲಿ ನಮ್ಮ ಚರ್ಚೆಯ ಮೂರೂ ಅಂಶಗಳಿವೆ: ತಿಳಿಯದ ಸಂಗತಿ, ಖಾಲಿ ಬಿಡಲಾಗದ ಜಾಗ, ಮತ್ತು ತುಂಬಿದ ಮೇಲೆ ನಿಜವಾದ ತಾರೀಖಿನಿಂದ ಬೇರ್ಪಡಿಸಲಾಗದ ಉತ್ತರ.

ಅಕ್ಷರ ನೋಡಿ ಊಹಿಸಿದ ಫೋರ್ಟ್ರಾನ್

1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಗಣಕಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ಸಿದ್ಧಪಡಿಸಿದರು. ಒಂದು ಚರವು ಪೂರ್ಣಾಂಕವೋ ದಶಮಾಂಶವುಳ್ಳ ಸಂಖ್ಯೆಯೋ ಎಂಬುದನ್ನು ಕ್ರಮವಿಧಿ ಬರೆಯುವವನು ಹೇಳಬೇಕಾಗಿರಲಿಲ್ಲ. ಹೆಸರಿನ ಮೊದಲ ಅಕ್ಷರ ಐ ನಿಂದ ಎನ್ ವರೆಗಿನ ಆರರಲ್ಲಿ ಒಂದಾಗಿದ್ದರೆ ಅದು ಪೂರ್ಣಾಂಕ, ಇಲ್ಲದಿದ್ದರೆ ದಶಮಾಂಶ ಸಂಖ್ಯೆ. ಶ್ರೇಣಿಗಳನ್ನೂ ಮಾತೃಕೆಗಳನ್ನೂ ಬರೆಯುವಾಗ ಗಣಿತಜ್ಞರು ಐ, ಜೆ, ಕೆ, ಎನ್ ಮುಂತಾದ ಅಕ್ಷರಗಳನ್ನು ಸೂಚ್ಯಂಕಗಳಾಗಿ ಬಳಸುತ್ತಿದ್ದ ರೂಢಿಯನ್ನೇ ಇದು ಅನುಸರಿಸಿತ್ತು. 'ಗಾಡ್' ಎಂಬ ಚರ ಜಿ ಅಕ್ಷರದಿಂದ ಆರಂಭವಾಗುವುದರಿಂದ, ಬೇರೆ ರೀತಿ ಘೋಷಿಸದ ಹೊರತು ದೇವರು 'ರಿಯಲ್' ಎಂಬ ಹಾಸ್ಯ ಫೋರ್ಟ್ರಾನ್ ಕಲಿತವರೆಲ್ಲರಿಗೂ ಪರಿಚಿತ. ದಶಮಾಂಶ ಸಂಖ್ಯೆಗೆ ಆ ಭಾಷೆಯಲ್ಲಿ ರಿಯಲ್ ಎಂದೇ ಹೆಸರು.

ಈ ಅನುಕೂಲಕ್ಕೆ ಒಂದು ಬೆಲೆ ತೆರಬೇಕಾಯಿತು. 'ವೆಲಾಸಿಟಿ' ಎಂದು ಬರೆಯುವಲ್ಲಿ ಒಂದು ಅಕ್ಷರ ತಪ್ಪಿದರೆ ಗಣಕವು ಅದನ್ನು ತಪ್ಪೆಂದು ಹೇಳುತ್ತಿರಲಿಲ್ಲ. ಆ ಹೆಸರಿನ ಹೊಸ ಚರವೊಂದನ್ನು ತಾನೇ ಸೃಷ್ಟಿಸಿಕೊಂಡು ಮುಂದೆ ಸಾಗುತ್ತಿತ್ತು. ಅದರೊಳಗೆ ಯಾವ ಸಂಖ್ಯೆ ಇದೆಯೆಂಬುದು ಅನಿಶ್ಚಿತ. ಉತ್ತರವೇನೋ ಬರುತ್ತಿತ್ತು, ಆದರೆ ಅದು ತಪ್ಪು ಉತ್ತರ. ಇಂಥ ಊಹೆಯನ್ನು ಪೂರ್ತಿಯಾಗಿ ನಿಷೇಧಿಸುವ ಆದೇಶವು ಫೋರ್ಟ್ರಾನ್ 90ರ ಅಂತರರಾಷ್ಟ್ರೀಯ ಮಾನಕದಲ್ಲಿ, 1991ರಲ್ಲಿ, ಸೇರಿತು. ಹಳೆಯ ಕ್ರಮವಿಧಿಗಳು ಕೆಡದಿರಲಿ ಎಂದು ಹಳೆಯ ನಿಯಮವನ್ನೂ ಉಳಿಸಿಕೊಳ್ಳಲಾಯಿತು. ಆದ್ದರಿಂದ ನಿಷೇಧವನ್ನು ಪ್ರತಿ ಕ್ರಮವಿಧಿಯ ಆರಂಭದಲ್ಲಿ ನಾವೇ ಬರೆಯಬೇಕು. ಒಮ್ಮೆ ಬಳಕೆಗೆ ಬಂದ ಪೂರ್ವನಿಯೋಜನೆಯನ್ನು ಹಿಂದೆಗೆದುಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಸೊನ್ನೆಯೋ, ಕಸವೋ, ಶೂನ್ಯವೋ?

ಚರವೊಂದಕ್ಕೆ ಜಾಗ ಕೊಟ್ಟ ಕ್ಷಣದಲ್ಲಿ ಅದರೊಳಗೆ ಏನಿರಬೇಕು? ಬೇರೆ ಬೇರೆ ಭಾಷೆಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಸಿ ಭಾಷೆಯಲ್ಲಿ ಕ್ರಮವಿಧಿ ಮುಗಿಯುವ ತನಕ ಉಳಿಯುವ ಚರಗಳಿಗೆ ಆರಂಭದಲ್ಲಿ ಸೊನ್ನೆ ಸಿಗುತ್ತದೆ. ಕ್ರಮವಿಧಿಯ ಒಂದು ಭಾಗದೊಳಗೆ ತಾತ್ಕಾಲಿಕವಾಗಿ ಬಂದುಹೋಗುವ ಚರಗಳಲ್ಲಿ, ಅದೇ ಸ್ಮೃತಿಕೋಶದಲ್ಲಿ ಹಿಂದೆ ಉಳಿದಿದ್ದ ಕಸವೂ ಇರಬಹುದು. 1990ರ ದಶಕದ ಮಧ್ಯದಲ್ಲಿ ಬಂದ ಜಾವಾ ಭಾಷೆ ಇನ್ನೊಂದು ಹೆಜ್ಜೆ ಇಟ್ಟಿತು. ತಾತ್ಕಾಲಿಕ ಚರಕ್ಕೆ ಬೆಲೆ ಕೊಡದೆ ಬಳಸಿದರೆ ಕ್ರಮವಿಧಿಯನ್ನು ಅನುವಾದಿಸಲು ಜಾವಾ ಒಪ್ಪುವುದೇ ಇಲ್ಲ. ಆದರೆ ವಸ್ತುವೊಂದರ ಗುಣಗಳಿಗೆ ಬೆಲೆ ಕೊಡದಿದ್ದರೆ ಸಂಖ್ಯೆಗೆ 0, ಹೌದು-ಇಲ್ಲಗಳಿಗೆ 'ಇಲ್ಲ', ಉಳಿದವಕ್ಕೆ 'ನಲ್' ಎಂದು ತಾನೇ ತುಂಬುತ್ತದೆ.

ಈ ನಲ್ ಎಂಬುದು ಏನನ್ನೂ ತೋರದ ಸೂಚಕ. 1965ರಲ್ಲಿ ಆಲ್ಗಾಲ್ ಡಬ್ಲ್ಯು ಎಂಬ ಭಾಷೆಯ ವಿನ್ಯಾಸದಲ್ಲಿ ಬ್ರಿಟನ್ನಿನ ಗಣಕವಿಜ್ಞಾನಿ ಟೋನಿ ಹೋರ್ ಇದನ್ನು ಸೇರಿಸಿದರು. 2009ರ ಉಪನ್ಯಾಸವೊಂದರಲ್ಲಿ ಅವರೇ ಇದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು. ಏನೂ ಇಲ್ಲದ ಕಡೆ ಏನೋ ಇದೆಯೆಂದು ಭಾವಿಸಿ ನಿಂತುಹೋದ ಕ್ರಮವಿಧಿಗಳಿಂದಾದ ನಷ್ಟ ಅವರ ಮನಸ್ಸಿನಲ್ಲಿತ್ತು.

ಕೋಷ್ಟಕಗಳಲ್ಲಿ ಖಾಲಿ ಜಾಗ

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ದತ್ತಾಂಶಗಳನ್ನು ಅಡ್ಡಸಾಲು, ಕಂಬಸಾಲುಗಳ ಕೋಷ್ಟಕಗಳಲ್ಲಿ ಜೋಡಿಸುವ ಸಿದ್ಧಾಂತವನ್ನು ಪ್ರಕಟಿಸಿದರು. ಇಂದು ಬ್ಯಾಂಕು, ರೈಲ್ವೆ, ವಿಶ್ವವಿದ್ಯಾಲಯಗಳ ದತ್ತಸಂಚಯಗಳಲ್ಲಿ ಬಹುಪಾಲು ಇದೇ ತಳಹದಿಯ ಮೇಲೆ ನಿಂತಿವೆ. ಕೋಷ್ಟಕದ ಒಂದು ಮನೆಯಲ್ಲಿ ತುಂಬಲು ಮಾಹಿತಿಯೇ ಇಲ್ಲದಿದ್ದರೆ? 1979ರ ಪ್ರಬಂಧದಲ್ಲಿ ಕಾಡ್ ಇದನ್ನು ವಿವರವಾಗಿ ಚರ್ಚಿಸಿದರು. ಅಲ್ಲಿ ನಲ್ ಎಂಬ ಗುರುತು ಹಾಕಬೇಕು, ತರ್ಕಕ್ಕೆ ನಿಜ, ಸುಳ್ಳು ಎಂಬ ಎರಡರ ಜೊತೆಗೆ 'ತಿಳಿಯದು' ಎಂಬ ಮೂರನೆಯ ಉತ್ತರವೂ ಬೇಕು ಎಂಬುದು ಅವರ ನಿಲುವು. ತಿಳಿಯದ ಎರಡು ಸಂಗತಿಗಳು ಪರಸ್ಪರ ಸಮವೇ ಎಂದು ಕೇಳಿದರೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, ತಿಳಿಯದು. 1990ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಕಾಡ್ ಇನ್ನೂ ಮುಂದೆ ಹೋಗಿ 'ಇದೆ, ಆದರೆ ತಿಳಿದಿಲ್ಲ' ಎಂಬುದಕ್ಕೆ ಒಂದು ಗುರುತು, 'ಅನ್ವಯಿಸುವುದೇ ಇಲ್ಲ' ಎಂಬುದಕ್ಕೆ ಇನ್ನೊಂದು ಗುರುತು ಇರಬೇಕೆಂದರು.

ಎಲ್ಲರೂ ಒಪ್ಪಲಿಲ್ಲ. ಕಾಡ್ ಅವರ ಸಿದ್ಧಾಂತವನ್ನು ಜನಪ್ರಿಯಗೊಳಿಸಿದ ಕ್ರಿಸ್ ಡೇಟ್ ಅವರೇ ಮೂರು ಉತ್ತರಗಳ ತರ್ಕ ಗೊಂದಲಕ್ಕೆ ದಾರಿಯೆಂದು ವಾದಿಸಿದರು. ಅದರ ಬದಲು ಪ್ರತಿ ಕಂಬಸಾಲಿಗೂ ಒಂದು ಪೂರ್ವನಿಯೋಜಿತ ಬೆಲೆಯನ್ನು ಗೊತ್ತುಪಡಿಸಬಹುದೆಂದು ಸೂಚಿಸಿದರು.

ದತ್ತಸಂಚಯಗಳ ಭಾಷೆಯಾದ ಎಸ್‌ಕ್ಯೂಎಲ್ ಇಬ್ಬರ ಮಾತನ್ನೂ ಒಳಗೊಂಡಿತು. 1992ರ ಮಾನಕದಲ್ಲಿ ನಲ್ ಕೂಡ ಇದೆ, ಪೂರ್ವನಿಯೋಜಿತ ಬೆಲೆಯನ್ನು ಘೋಷಿಸುವ ವಿಧಾನವೂ ಇದೆ. ಹೊಸ ಅಡ್ಡಸಾಲನ್ನು ಸೇರಿಸುವಾಗ ಒಂದು ಕಂಬಸಾಲನ್ನು ಹೆಸರಿಸದೇ ಬಿಟ್ಟರೆ ಪೂರ್ವನಿಯೋಜಿತ ಬೆಲೆ ಬರುತ್ತದೆ. ಆದರೆ ಹೆಸರಿಸಿ ನಲ್ ಎಂದು ಬರೆದರೆ ನಲ್ ಉಳಿಯುತ್ತದೆ. 'ಹೇಳಲಿಲ್ಲ' ಮತ್ತು 'ತಿಳಿಯದೆಂದು ಹೇಳಿದೆ' ಎಂಬ ಎರಡನ್ನು ಭಾಷೆ ಹೀಗೆ ಬೇರ್ಪಡಿಸುತ್ತದೆ. ನಮ್ಮ ಅಂಕಪಟ್ಟಿಗೆ ಮರಳಿ ನೋಡಿ. ಗೈರಾದವಳ ಮನೆಯಲ್ಲಿ ನಲ್ ಇದ್ದರೆ ಎಸ್‌ಕ್ಯೂಎಲ್ ಅದನ್ನು ಬದಿಗಿಟ್ಟು ಸರಾಸರಿ 37.5 ಎನ್ನುತ್ತದೆ. ಕೋಷ್ಟಕ ರಚಿಸಿದವನು ಅಂಕದ ಕಂಬಸಾಲಿಗೆ 0 ಎಂಬ ಪೂರ್ವನಿಯೋಜಿತ ಬೆಲೆ ಕೊಟ್ಟಿದ್ದರೆ ಅದೇ ಆದೇಶಕ್ಕೆ 30 ಎಂಬ ಉತ್ತರ ಬರುತ್ತದೆ. ಯಾವ ಉತ್ತರ ಬರಬೇಕೆಂಬುದು ಪರೀಕ್ಷೆಗೆ ಮೊದಲೇ ನಿರ್ಧಾರವಾಗಿತ್ತು.

ವೆಬ್ ಫ್ರೇಮ್‌ವರ್ಕ್‌ಗಳ ಕಾಲ

2000ದ ದಶಕದಲ್ಲಿ ಜಾಲತಾಣಗಳು ಬರಿಯ ಓದುವ ಪುಟಗಳಾಗಿ ಉಳಿಯಲಿಲ್ಲ. ಅರ್ಜಿ ತುಂಬುವುದು, ಟಿಕೆಟ್ ಕಾದಿರಿಸುವುದು, ಫಲಿತಾಂಶ ನೋಡುವುದು ಎಲ್ಲವೂ ಅಲ್ಲಿಗೆ ಬಂದವು. ಪ್ರತಿಯೊಂದರ ಹಿಂದೆಯೂ ದತ್ತಸಂಚಯ ಬೇಕು. ದತ್ತಸಂಚಯದ ಕೋಷ್ಟಕಕ್ಕೂ ಕ್ರಮವಿಧಿಗೂ ಸೇತುವೆಯಾಗಿ 'ಮಾಡೆಲ್' ಎಂಬ ರಚನೆ ಬಳಕೆಗೆ ಬಂತು. 'ವಿದ್ಯಾರ್ಥಿ' ಎಂಬ ಮಾಡೆಲ್ ಇದೆ ಎನ್ನಿ. ಹೆಸರು, ತರಗತಿ, ಅಂಕ ಇವು ಅದರ ಗುಣಗಳು. ಕೋಷ್ಟಕದ ಒಂದು ಅಡ್ಡಸಾಲು ಕ್ರಮವಿಧಿಯಲ್ಲಿ ಒಬ್ಬ ವಿದ್ಯಾರ್ಥಿಯಾಗಿ ಕಾಣಿಸಿಕೊಳ್ಳುತ್ತದೆ. ಈ ವಿನ್ಯಾಸಕ್ಕೆ ಆಕ್ಟಿವ್ ರೆಕಾರ್ಡ್ ಎಂಬ ಹೆಸರು ಕೊಟ್ಟು 2002ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದವರು ಮಾರ್ಟಿನ್ ಫೌಲರ್.

2004ರಲ್ಲಿ ಡೇವಿಡ್ ಹೈನೆಮೈಯರ್ ಹಾನ್ಸನ್ ಬಿಡುಗಡೆ ಮಾಡಿದ ರೂಬಿ ಆನ್ ರೈಲ್ಸ್ ಈ ವಿನ್ಯಾಸವನ್ನು ಜನಪ್ರಿಯಗೊಳಿಸಿತು. ರೈಲ್ಸ್ ಕೋಷ್ಟಕದ ವಿವರಗಳನ್ನು ದತ್ತಸಂಚಯದಿಂದಲೇ ಓದಿಕೊಳ್ಳುತ್ತದೆ. ಹಾಗಾಗಿ ಪೂರ್ವನಿಯೋಜಿತ ಬೆಲೆಯ ಸಹಜ ಸ್ಥಾನವೂ ದತ್ತಸಂಚಯವೇ ಆಯಿತು. 2005ರಲ್ಲಿ ಜಾಂಗೋ ಎಂಬ ಇನ್ನೊಂದು ಫ್ರೇಮ್‌ವರ್ಕ್ ಬಿಡುಗಡೆಯಾಯಿತು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕೆಯೊಂದರ ಕಚೇರಿಯಲ್ಲಿ ರೂಪುಗೊಂಡ ಇದು ತದ್ವಿರುದ್ಧ ದಾರಿ ಹಿಡಿಯಿತು. ಅಲ್ಲಿ ಪೂರ್ವನಿಯೋಜಿತ ಬೆಲೆ ಇರುವುದು ಪೈತಾನ್ ಭಾಷೆಯಲ್ಲಿ ಬರೆದ ಮಾಡೆಲ್‌ನಲ್ಲಿ. ದತ್ತಸಂಚಯಕ್ಕೆ ಅದರ ಅರಿವೇ ಇಲ್ಲ.

ಎರಡಕ್ಕೂ ತಮ್ಮ ತಮ್ಮ ತೊಡಕುಗಳಿವೆ. ದತ್ತಸಂಚಯದಲ್ಲಿ ಸಾಮಾನ್ಯವಾಗಿ ಸ್ಥಿರವಾದ ಬೆಲೆಗಳನ್ನಿಡುವುದು ಸುಲಭ. 'ಪೋಷಕರ ವಿಳಾಸವೇ ವಿದ್ಯಾರ್ಥಿಯ ವಿಳಾಸ' ಎಂಬಂಥ ನಿಯಮಕ್ಕೆ ಕ್ರಮವಿಧಿಯೇ ಬೇಕು. ಮಾಡೆಲ್‌ನಲ್ಲಿಟ್ಟರೆ, ಅದೇ ಕೋಷ್ಟಕಕ್ಕೆ ನೇರವಾಗಿ ಬರೆಯುವ ಬೇರೊಂದು ಕ್ರಮವಿಧಿಗೆ ಆ ನಿಯಮ ಅನ್ವಯಿಸುವುದಿಲ್ಲ. ಕಾಲಕ್ರಮದಲ್ಲಿ ಎರಡೂ ಬಳಗಗಳು ಪರಸ್ಪರ ಹತ್ತಿರ ಬಂದವು. 2016ರಲ್ಲಿ ಬಂದ ರೈಲ್ಸ್ 5 ಮಾಡೆಲ್‌ನೊಳಗೇ ಪೂರ್ವನಿಯೋಜಿತ ಬೆಲೆ ಘೋಷಿಸುವ ನೇರ ಸೌಲಭ್ಯ ಒದಗಿಸಿತು. 2023ರ ಡಿಸೆಂಬರ್‌ನಲ್ಲಿ ಬಂದ ಜಾಂಗೋ 5.0 ಅದನ್ನು ದತ್ತಸಂಚಯದಲ್ಲೇ ಇರಿಸುವ ಸೌಲಭ್ಯ ಒದಗಿಸಿತು.

'ಬೇಡ' ಎಂಬುದು 'ಬೇಕು' ಆದ ಬಗೆ

ಈ ನಡುವಿನ ವರ್ಷಗಳಲ್ಲಿ ರೈಲ್ಸ್ ಬಳಸುವವರು ಒಂದು ಉಪಾಯವನ್ನು ಹೆಚ್ಚಾಗಿ ಬಳಸುತ್ತಿದ್ದರು. ಮಾಡೆಲ್‌ನ ವಸ್ತುವೊಂದು ಸಿದ್ಧವಾದ ಕೂಡಲೇ ಓಡುವ ಒಂದು ಕ್ರಮವಿಧಿಯಲ್ಲಿ 'ಈ ಗುಣಕ್ಕೆ ಬೆಲೆ ಇಲ್ಲದಿದ್ದರೆ ಇದನ್ನು ತುಂಬು' ಎಂದು ಬರೆಯುವುದು. ಇದಕ್ಕೆ ರೂಬಿಯಲ್ಲಿ ಎರಡು ನಿಂತ ಗೆರೆಗಳೂ ಒಂದು ಸಮಚಿಹ್ನೆಯೂ ಸೇರಿದ ಪುಟ್ಟ ಸಂಕೇತವಿದೆ. ನೋಡಲು ನಿರಪಾಯವಾದದ್ದು. ಆದರೆ ರೂಬಿಯ ತರ್ಕದಲ್ಲಿ 'ಬೆಲೆಯೇ ಇಲ್ಲ' ಎಂಬುದೂ 'ಸುಳ್ಳು' ಎಂಬುದೂ ಒಂದೇ ಗುಂಪಿಗೆ ಸೇರುತ್ತವೆ. ಆ ಸಂಕೇತ ಎರಡನ್ನೂ ಬೆಲೆಯಿಲ್ಲದ್ದೆಂದೇ ಭಾವಿಸುತ್ತದೆ.

ಇದರ ಪರಿಣಾಮವನ್ನು ಊಹಿಸಿಕೊಳ್ಳಿ. 'ನನಗೆ ಜಾಹೀರಾತು ಕಳುಹಿಸಬಹುದು' ಎಂಬುದು ಒಂದು ಗುಣ. ಅದರ ಪೂರ್ವನಿಯೋಜಿತ ಬೆಲೆ 'ಹೌದು'. ಒಬ್ಬಾಕೆ ಯೋಚಿಸಿ 'ಬೇಡ' ಎಂದು ಆಯ್ದುಕೊಂಡಿದ್ದಾರೆ. ದತ್ತಸಂಚಯದಲ್ಲಿ 'ಸುಳ್ಳು' ಎಂದು ದಾಖಲಾಗಿದೆ. ಮೇಲೆ ಹೇಳಿದ ಕ್ರಮವಿಧಿಯು ಹೊಸ ವಸ್ತುವಿಗೆ ಮಾತ್ರವಲ್ಲ, ದತ್ತಸಂಚಯದಿಂದ ಹಳೆಯ ದಾಖಲೆಯನ್ನು ತೆರೆದಾಗಲೂ ಓಡುತ್ತದೆ. ಆಗ 'ಬೇಡ' ಎಂಬುದು 'ಹೌದು' ಆಗುತ್ತದೆ. ವಿಳಾಸ ಬದಲಿಸಲೆಂದು ಆ ದಾಖಲೆಯನ್ನು ತೆರೆದು ಉಳಿಸಿದರೆ ಹೊಸ ವಿಳಾಸದ ಜೊತೆಗೆ ಈ 'ಹೌದು' ಕೂಡ ಶಾಶ್ವತವಾಗುತ್ತದೆ. ಯಾರೂ ಸುಳ್ಳು ಬರೆದಿಲ್ಲ, ಆದರೂ ಆಕೆಯ ಮಾತು ತಿರುವುಮುರುವಾಗಿದೆ. ಪರ್ಲ್ ಭಾಷೆ 2007ರಲ್ಲಿಯೂ ಜಾವಾಸ್ಕ್ರಿಪ್ಟ್ 2020ರಲ್ಲಿಯೂ ಹೊಸ ಸಂಕೇತಗಳನ್ನು ಸೇರಿಸಿಕೊಂಡವು. 'ಸುಳ್ಳು', 'ಸೊನ್ನೆ' ಎಂಬ ನಿಜವಾದ ಉತ್ತರಗಳನ್ನು ಮುಟ್ಟದೆ ನಿಜವಾಗಿ ಖಾಲಿಯಿದ್ದಾಗ ಮಾತ್ರ ತುಂಬುವುದು ಅವುಗಳ ಕೆಲಸ.

ತೊಡಕು ಇನ್ನೂ ಮೇಲಿನಿಂದಲೇ ಆರಂಭವಾಗುತ್ತದೆ. ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ 1995ರ ನಿಯಮದಂತೆ, ಅರ್ಜಿಯಲ್ಲಿ ಗುರುತು ಹಾಕದ ಚೌಕದ ಬಗ್ಗೆ ಬ್ರೌಸರು ಸರ್ವರ್‌ಗೆ ಏನನ್ನೂ ಕಳುಹಿಸುವುದಿಲ್ಲ. ಇಂದಿಗೂ ಹಾಗೆಯೇ. 'ಬೇಡ' ಎಂದವನೂ, ಆ ಚೌಕವನ್ನೇ ಕಾಣದವನೂ ಸರ್ವರ್‌ನ ದೃಷ್ಟಿಯಲ್ಲಿ ಒಂದೇ. ಇದನ್ನು ಸರಿಪಡಿಸಲು ರೈಲ್ಸ್ ಪ್ರತಿ ಚೌಕದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಅಂಶವನ್ನು ಸೇರಿಸಿ, ಗುರುತಿಲ್ಲದಿದ್ದರೆ 0 ಹೋಗುವಂತೆ ಮಾಡುತ್ತದೆ. ಮೌನವನ್ನು ಮಾತಾಗಿ ಪರಿವರ್ತಿಸುವ ವ್ಯವಸ್ಥೆ ಇದು.

ಜಾಂಗೋ ಬಳಸುವವರು ಎಡವುವ ಜಾಗ ಬೇರೆ. ನೋಂದಣಿಯ ಸಮಯಕ್ಕೆ ಪೂರ್ವನಿಯೋಜಿತವಾಗಿ 'ಈಗಿನ ವೇಳೆ' ಎಂದು ಬರೆಯಬೇಕು. 'ವೇಳೆ ನೋಡುವ ವಿಧಾನ'ವನ್ನು ಕೊಟ್ಟರೆ ಪ್ರತಿ ನೋಂದಣಿಯಲ್ಲೂ ಹೊಸದಾಗಿ ಗಡಿಯಾರ ನೋಡಲಾಗುತ್ತದೆ. ಒಂದು ಜೊತೆ ಆವರಣ ಚಿಹ್ನೆಯನ್ನು ಹೆಚ್ಚಾಗಿ ಹಾಕಿದರೆ ಕ್ರಮವಿಧಿ ಆರಂಭವಾದಾಗ ಒಮ್ಮೆ ಮಾತ್ರ ಗಡಿಯಾರ ನೋಡಿ ಅದೇ ವೇಳೆಯನ್ನು ಎಲ್ಲರಿಗೂ ಹಚ್ಚಲಾಗುತ್ತದೆ. ಸರ್ವರ್ ಸೋಮವಾರ ಆರಂಭವಾಗಿದ್ದರೆ ಗುರುವಾರ ನೋಂದಾಯಿಸಿದವನೂ ಸೋಮವಾರದವನೇ. ನಿಂತ ಗಡಿಯಾರದಿಂದ ಆಂದೋಲನದ ಅವಧಿಯನ್ನು ಅಳೆದಂತೆ.

ಯಂತ್ರದ ಹೊರಗೆ

ಇವೆಲ್ಲ ಪ್ರೋಗ್ರಾಮರ್‌ಗಳ ತಲೆನೋವು ಮಾತ್ರ ಎಂದು ಭಾವಿಸಬೇಡಿ. 2001ರ ಡಿಸೆಂಬರ್ 5ರಂದು ಅಫ್ಘಾನಿಸ್ತಾನದ ಕಂದಹಾರದ ಉತ್ತರಕ್ಕೆ ಅಮೆರಿಕದ ಸೇನಾ ತಂಡವೊಂದು ಎದುರಾಳಿಗಳ ನೆಲೆಯ ನಿರ್ದೇಶಾಂಕಗಳನ್ನು ಜಿಪಿಎಸ್ ಉಪಕರಣದಿಂದ ಪಡೆಯಿತು. ಅಷ್ಟರಲ್ಲಿ ಉಪಕರಣದ ಬ್ಯಾಟರಿ ಮುಗಿಯಿತು. ಹೊಸ ಬ್ಯಾಟರಿ ಹಾಕಲಾಯಿತು. ಬ್ಯಾಟರಿ ಬದಲಿಸಿದ ಮೇಲೆ ಆ ಉಪಕರಣ ಪೂರ್ವನಿಯೋಜಿತವಾಗಿ ತಾನಿರುವ ಸ್ಥಳವನ್ನೇ ತೋರಿಸುತ್ತಿತ್ತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2002ರಲ್ಲಿ ವರದಿ ಮಾಡಿದಂತೆ, ಇದನ್ನರಿಯದೆ ಆ ಸಂಖ್ಯೆಗಳನ್ನೇ ವಿಮಾನಕ್ಕೆ ತಿಳಿಸಲಾಯಿತು. ಸುಮಾರು 900 ಕಿಲೋಗ್ರಾಂ ತೂಕದ ಬಾಂಬು ಅವರ ಮೇಲೆಯೇ ಬಿತ್ತು. ಅಮೆರಿಕದ 3 ಸೈನಿಕರೂ ಜೊತೆಗಿದ್ದ ಹಲವು ಅಫ್ಘನ್ ಯೋಧರೂ ಸತ್ತರು. ಉಪಕರಣ ಕೆಟ್ಟಿರಲಿಲ್ಲ. ಅದು ತೋರಿಸಿದ ಸಂಖ್ಯೆ ನಿಖರವಾಗಿತ್ತು. ಅದು ಅಳೆದ ಗುರಿಯಲ್ಲ, ತುಂಬಿದ ಬೆಲೆ ಎಂಬುದನ್ನು ಮಾತ್ರ ಅದು ಹೇಳಲಿಲ್ಲ.

ಎರಡನೆಯ ಉದಾಹರಣೆ ಕ್ಯಾನ್ಸಸ್ ರಾಜ್ಯದ್ದೇ. ಅಂತರಜಾಲದ ವಿಳಾಸವೊಂದು ಭೂಮಿಯ ಮೇಲೆ ಎಲ್ಲಿದೆಯೆಂದು ಅಂದಾಜು ಮಾಡಿಕೊಡುವ ಮ್ಯಾಕ್ಸ್‌ಮೈಂಡ್ ಎಂಬ ಸಂಸ್ಥೆಯಿದೆ. ಅಮೆರಿಕದಲ್ಲಿದೆ ಎಂಬುದಷ್ಟೇ ಗೊತ್ತಿರುವ ವಿಳಾಸಗಳಿಗೆ ಅದು ದೇಶದ ನಡುಭಾಗದ, ಸರಳವಾದ ಅಂಕಿಗಳುಳ್ಳ ಒಂದು ಬಿಂದುವನ್ನು ಗೊತ್ತುಪಡಿಸಿತ್ತು: 38 ಡಿಗ್ರಿ ಉತ್ತರ ಅಕ್ಷಾಂಶ, 97 ಡಿಗ್ರಿ ಪಶ್ಚಿಮ ರೇಖಾಂಶ. ಆ ಬಿಂದು ಪಾಟ್ವಿನ್ ಎಂಬ ಊರಿನ ಸಮೀಪದ ಒಂದು ತೋಟದಮನೆಯ ಹತ್ತಿರ ಬೀಳುತ್ತಿತ್ತು. 60 ಕೋಟಿಗೂ ಹೆಚ್ಚು ವಿಳಾಸಗಳು ಅಲ್ಲಿಗೆ ಬೆರಳು ತೋರಿಸುತ್ತಿದ್ದವು. ಕಳ್ಳತನದ ತನಿಖೆಗೆ, ಕಾಣೆಯಾದವರ ಹುಡುಕಾಟಕ್ಕೆ ಪೊಲೀಸರೂ ಕೋಪಗೊಂಡ ಅಪರಿಚಿತರೂ ವರ್ಷಗಟ್ಟಲೆ ಆ ಮನೆಯ ಬಾಗಿಲಿಗೆ ಬರುತ್ತಿದ್ದರು. ಕಾರಣ ಬೆಳಕಿಗೆ ಬಂದದ್ದು 2016ರಲ್ಲಿ. ಸಂಸ್ಥೆ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸ್ಥಳಾಂತರಿಸಿತು. ಸಾರ್ಥಕ ಅಂಕಿಗಳ ಪಾಠ ಮಾಡುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 'ಈ ದೇಶದಲ್ಲಿ ಎಲ್ಲೋ' ಎಂಬ ಮಾಹಿತಿಯನ್ನು 38.0000 ಎಂದು ಬರೆದ ತಕ್ಷಣ ಅದಕ್ಕೆ ಇಲ್ಲದ ನಿಖರತೆ ಬಂದಿತ್ತು.

ಒಪ್ಪಿಗೆಯ ಪ್ರಶ್ನೆ

ಮೊದಲೇ ತುಂಬಿಟ್ಟ ಉತ್ತರವನ್ನು ಬದಲಿಸುವ ಗೊಡವೆಗೆ ಬಹಳ ಮಂದಿ ಹೋಗುವುದಿಲ್ಲ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ 2003ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ಅಂಗದಾನದ ಅಂಕಿಅಂಶಗಳಿಂದ ತೋರಿಸಿದರು. 'ಒಪ್ಪಿದ್ದೇನೆ' ಎಂದು ಮುಂದೆ ಬಂದು ಹೇಳಬೇಕಾಗಿದ್ದ ಜರ್ಮನಿಯಲ್ಲಿ ಒಪ್ಪಿಗೆಯ ಪ್ರಮಾಣ ಶೇಕಡ 12. ಬೇಡವೆನ್ನದವರೆಲ್ಲ ಒಪ್ಪಿದ್ದಾರೆಂದು ಭಾವಿಸುವ ಆಸ್ಟ್ರಿಯದಲ್ಲಿ ಶೇಕಡ 99.98. ನೆರೆಹೊರೆಯ ಎರಡು ದೇಶಗಳ ಜನರ ಮನಸ್ಸು ಇಷ್ಟು ಬೇರೆಯಾಗಿರಲಾರದು. ಬೇರೆಯಾಗಿದ್ದುದು ಬಿಟ್ಟ ಸ್ಥಳವನ್ನು ತುಂಬುವ ನಿಯಮ.

ಹಾಗಾದರೆ ಮೌನವನ್ನು ಒಪ್ಪಿಗೆಯೆಂದು ಎಣಿಸಬಹುದೇ? ಜರ್ಮನಿಯ ಅಂತರಜಾಲ ಲಾಟರಿ ಸಂಸ್ಥೆಯೊಂದರ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ನೀಡಿ, ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಒಪ್ಪಿಗೆಯನ್ನು ಸ್ಪಷ್ಟವಾದ ಕ್ರಿಯೆಯಿಂದ ಸೂಚಿಸಬೇಕೆಂದು ಹೇಳುತ್ತದೆ. ಮಾಡೆಲ್ ಒಂದರಲ್ಲಿ ಒಂದು ಪದವಾಗಿ ಅಡಗಿರುವ ಪೂರ್ವನಿಯೋಜಿತ ಬೆಲೆ ಹೀಗೆ ಕಾನೂನಿನ ವಿಷಯವೂ ಆಗಿದೆ.

ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು

ಪೂರ್ವನಿಯೋಜಿತ ಬೆಲೆಗಳೇ ಬೇಡವೆನ್ನುವುದು ಸರಿಯಲ್ಲ. ಅವಿಲ್ಲದಿದ್ದರೆ ಪ್ರತಿ ಅರ್ಜಿಯಲ್ಲೂ ನೂರು ಪ್ರಶ್ನೆಗಳಿಗೆ ಉತ್ತರಿಸುತ್ತ ಕೂರಬೇಕಾಗುತ್ತದೆ. ಅಂಗಡಿಯ ಬುಟ್ಟಿಯಲ್ಲಿ ಆರಂಭಕ್ಕೆ 0 ಸಾಮಾನು ಇರುವುದು ನಿಜವೇ. ಅಲ್ಲಿ ಸೊನ್ನೆ ತುಂಬಿದರೆ ಯಾವ ಸುಳ್ಳೂ ಆಗದು. ಪ್ರಾಜೆಕ್ಟ್‌ಗಾಗಿ ಮಾಡೆಲ್ ಬರೆಯುವ ವಿದ್ಯಾರ್ಥಿಯು ಪ್ರತಿ ಗುಣದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ಯಾರೂ ಏನೂ ಹೇಳದಿದ್ದಾಗ ಈ ಬೆಲೆ ನಿಜವೇ, ಅಥವಾ ಬರಿಯ ಊಹೆಯೇ? ಎರಡು, ಇದು ಎಲ್ಲಿ ಬರೆದಿದೆ, ಈ ಕೋಷ್ಟಕವನ್ನು ಮುಟ್ಟುವ ಎಲ್ಲರಿಗೂ ಅದು ಕಾಣುತ್ತದೆಯೇ? ಮೂರು, ನಾಳೆ ಈ ದಾಖಲೆ ನೋಡುವವರು ಹೇಳಿದ ಉತ್ತರವನ್ನೂ ತುಂಬಿದ ಉತ್ತರವನ್ನೂ ಬೇರ್ಪಡಿಸಬಲ್ಲರೇ?

ಮೂರನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ ಜೊತೆಗೆ ಇನ್ನೊಂದು ಕಂಬಸಾಲನ್ನು ಸೇರಿಸಬೇಕು: ಈ ಬೆಲೆ ಬಂದದ್ದು ಹೇಗೆ? ಆಧಾರ್ ನೋಂದಣಿ ನಮೂನೆಯಲ್ಲಿ ಜನ್ಮದಿನಾಂಕದ ಪಕ್ಕದಲ್ಲಿ ಅದು ಬರಿಯ ಹೇಳಿಕೆಯದೋ ದಾಖಲೆ ನೋಡಿ ಪರಿಶೀಲಿಸಿದ್ದೋ ಎಂದು ಗುರುತಿಸುವ ಚೌಕಗಳನ್ನು ಇಟ್ಟಿದ್ದು ಇಂಥ ಕ್ರಮವೇ. ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ಅನಿಶ್ಚಿತತೆಯನ್ನೂ ಬರೆಯುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ಶಾಲೆಯ ಯಾವುದಾದರೂ ಅರ್ಜಿ ನಮೂನೆಯನ್ನು ತೆಗೆದುಕೊಂಡು, ಪ್ರತಿ ಜಾಗವನ್ನೂ ಖಾಲಿ ಬಿಟ್ಟರೆ ಕಚೇರಿಯವರು ಅದನ್ನು ಹೇಗೆ ಅರ್ಥೈಸುತ್ತಾರೆಂದು ವಿದ್ಯಾರ್ಥಿಗಳಿಂದಲೇ ಪಟ್ಟಿ ಮಾಡಿಸಿ. ಯಾವ ಜಾಗಕ್ಕೆ 'ಇಲ್ಲ', ಯಾವುದಕ್ಕೆ 'ತಿಳಿಯದು', ಯಾವುದಕ್ಕೆ 'ಅನ್ವಯಿಸುವುದಿಲ್ಲ' ಎಂಬ ಉತ್ತರ ಬೇಕೆಂದು ಅವರೇ ಚರ್ಚಿಸಲಿ. ಗಣಕವನ್ನು ಮುಟ್ಟುವ ಮೊದಲೇ ದತ್ತಸಂಚಯ ವಿನ್ಯಾಸದ ಕಷ್ಟದ ಭಾಗವನ್ನು ಅವರು ಕಲಿತಿರುತ್ತಾರೆ.